ಅದಿರು ದಾರಿಯ ಲಾರಿಗೆ ಸಿಂಥೆಟಿಕ್ ಆಯಿಲ್

ಲಾರಿ ಮಾಲೀಕರೇ, ಚಾಲಕ ಮಿತ್ರರೇ, ಗ್ಯಾರೇಜಿನ ಮೆಕ್ಯಾನಿಕ್ ಬಂಧುಗಳೇ, ನಿಮ್ಮೆಲ್ಲರಿಗೂ ನಮಸ್ಕಾರ. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡು ತೋರಣಗಲ್ಲಿನ ಕಡೆಗೆ ಇಳಿಯುವ ಟಿಪ್ಪರ್‌ಗಳನ್ನು 22 ವರ್ಷಗಳಿಂದ ರಿಪೇರಿ ಮಾಡುತ್ತ ಬಂದಿರುವ ನನಗೆ, ಈಚಿನ ದಿನಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ: "ಸಾರ್, ಸಿಂಥೆಟಿಕ್ ಹಾಕಿಸಬೇಕೇನ್ರಿ?" ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿರುವ ದುಡ್ಡು ಕಡಿಮೆಯಿದ್ದರೆ ಅದನ್ನು ಮೊದಲು ಗೇರ್ ಬಾಕ್ಸಿಗೂ ಹಿಂದಿನ ಆಕ್ಸಲಿನ ಗೇರುಗಳಿರುವ ಹೌಸಿಂಗಿಗೂ ಹಾಕಿ. ಎಂಜಿನ್ನಿನ ಸರದಿ ಆಮೇಲೆ, ಅದೂ ಧೂಳು ಒಳಹೋಗುವ ದಾರಿ ಮುಚ್ಚಿದ ಮೇಲೆ. ಹೀಗೆ ಹೇಳಲು ಏನು ಕಾರಣ ಎಂಬುದನ್ನು ವಿವರಿಸುವುದೇ ಈ ಹೊತ್ತಿನ ನನ್ನ ಕೆಲಸ.

ಸಿಂಥೆಟಿಕ್ ಎಂದರೇನು ಎಂಬುದರಿಂದಲೇ ಪ್ರಾರಂಭಿಸೋಣ. ಡಬ್ಬಿಯಲ್ಲಿ ಬರುವ ಯಾವುದೇ ಆಯಿಲ್‌ನ ಬಹುಪಾಲು ಮೂಲ ತೈಲ, ಉಳಿದದ್ದು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಈ ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪುಗಳು ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ ಮಿನರಲ್ ತೈಲಗಳು. ಮೂರನೆಯದೂ ಕಚ್ಚಾ ತೈಲದಿಂದಲೇ ಬಂದದ್ದು. ಆದರೆ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದರ ಅಣುಗಳ ರಚನೆಯನ್ನೇ ಬದಲಿಸಿರುತ್ತಾರೆ. ನಾಲ್ಕನೆಯದು ಪಿಎಒ, ಅಂದರೆ ಎಥಿಲೀನ್ ಅನಿಲದಿಂದ ಹಂತಹಂತವಾಗಿ ಕಟ್ಟಿದ, ಒಂದೇ ಬಗೆಯ ಅಣುಗಳುಳ್ಳ ತೈಲ. ಎಸ್ಟರ್ ಮುಂತಾದ ಉಳಿದವೆಲ್ಲ ಐದನೆಯ ಗುಂಪಿಗೆ ಸೇರುತ್ತವೆ. ಮೂರನೆಯ ಗುಂಪಿನ ತೈಲವನ್ನೂ ಸಿಂಥೆಟಿಕ್ ಎಂದು ಕರೆಯಬಹುದೇ ಎಂಬ ವಿವಾದ ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳ ನಡುವೆ ಎದ್ದಾಗ, ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ 1999ರಲ್ಲಿ ಕರೆಯಬಹುದು ಎಂದಿತು. ಆದುದರಿಂದ ಡಬ್ಬಿಯ ಮೇಲೆ ಸಿಂಥೆಟಿಕ್ ಎಂದು ಬರೆದಿದ್ದ ಮಾತ್ರಕ್ಕೆ ಒಳಗೆ ಪಿಎಒ ಇದೆ ಎಂದು ತಿಳಿಯಬಾರದು. ಮೂರನೆಯ ಗುಂಪಿನದು ಕಳಪೆಯೆಂದೂ ತಿಳಿಯಬಾರದು. ಲಾರಿಯ ಎಂಜಿನ್ನಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. 15ಡಬ್ಲ್ಯು-40 ಎಂಬಲ್ಲಿ ಡಬ್ಲ್ಯು ಎಂದರೆ ಚಳಿಗಾಲ. 15ಡಬ್ಲ್ಯು ಆಯಿಲ್ ಮೈನಸ್ 20 ಡಿಗ್ರಿಯಲ್ಲಿಯೂ 5ಡಬ್ಲ್ಯು ಆಯಿಲ್ ಮೈನಸ್ 30 ಡಿಗ್ರಿಯಲ್ಲಿಯೂ ಎಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರಬೇಕೆಂಬುದು ಆ ಅಂಕಿಗಳ ಅರ್ಥ. ಸಿಂಥೆಟಿಕ್‌ನ ಬಗ್ಗೆ ಎಲ್ಲರೂ ಮೊದಲು ಹೊಗಳುವ ಗುಣ, ಕೊರೆಯುವ ಚಳಿಯಲ್ಲಿಯೂ ಸಲೀಸಾಗಿ ಹರಿಯುವುದು, ಹಿಮ ಬೀಳುವ ದೇಶದವರಿಗೆ ಬಹು ದೊಡ್ಡ ವರ. ಮಾಗಿಯ ಬೆಳಗಿನಲ್ಲಿಯೂ ನೀರು ಹೆಪ್ಪುಗಟ್ಟದ ಬಳ್ಳಾರಿಯಲ್ಲಿ ಆ ಗುಣಕ್ಕಾಗಿ ಹೆಚ್ಚು ಹಣ ತೆರುವುದು ನಷ್ಟ. ಎರಡನೆಯ ಅಂಕಿ 40, ಕಾದಾಗ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದರ ಗುರುತು. ನಮಗೆ ಬೇಕಾದದ್ದು ಬಿಸಿಯ ಕಡೆಯ ಗುಣ, ಕಾದಾಗಲೂ ಕೆಡದಿರುವುದು.

ಬಿಸಿ ಹೆಚ್ಚಿದಂತೆ ಆಯಿಲ್ ಗಾಳಿಯ ಆಮ್ಲಜನಕದೊಂದಿಗೆ ಬೇಗ ಕೂಡಿಕೊಂಡು ಮಂದವಾಗುತ್ತದೆ, ಜಿಡ್ಡುಗಟ್ಟುತ್ತದೆ, ಹುಳಿಯೇರುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲ್‌ನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ವೃತ್ತಿಯವರೆಲ್ಲ ಒಪ್ಪಿರುವ ಸ್ಥೂಲ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವಾಗ, ತುಂಬಿದ ಟಿಪ್ಪರ್ ಕೆಳ ಗೇರಿನಲ್ಲಿ ಏರು ಹತ್ತುತ್ತಿದ್ದರೆ ರೇಡಿಯೇಟರಿಗೆ ಸಿಗುವ ಗಾಳಿ ಕಡಿಮೆ, ಎಂಜಿನ್ನಿನ ಶ್ರಮ ಹೆಚ್ಚು. ಟರ್ಬೊದ ಬೇರಿಂಗ್ ಮತ್ತು ಪಿಸ್ಟನ್ ರಿಂಗ್‌ಗಳ ಬಳಿ ಆಯಿಲ್ ಅಕ್ಷರಶಃ ಕಾದು ಕರಿಯಾಗುತ್ತದೆ. ಸಿಂಥೆಟಿಕ್ ತೈಲದ ನಿಜವಾದ ಬಲ ಕಾಣುವುದು ಇಲ್ಲಿಯೇ: ಅದು ನಿಧಾನವಾಗಿ ಕೆಡುತ್ತದೆ, ಕಡಿಮೆ ಆವಿಯಾಗುತ್ತದೆ, ಹಾಗಾಗಿ ಗೇಜ್ ತೆಗೆದು ನೋಡಿದಾಗ ಮಟ್ಟ ಬೇಗ ಇಳಿದಿರುವುದಿಲ್ಲ. ಆದರೆ ಏರು ಹತ್ತಿ ಬಂದ ಕೂಡಲೇ ಎಂಜಿನ್ ಆರಿಸಿದರೆ ಟರ್ಬೊಗೆ ಹರಿಯುತ್ತಿದ್ದ ಆಯಿಲ್ ನಿಂತುಹೋಗಿ ಅಲ್ಲಿಯೇ ಬೆಂದು ಕಿಟ್ಟವಾಗುತ್ತದೆ. ಎಷ್ಟು ಬೆಲೆಯ ಆಯಿಲ್ ಹಾಕಿದ್ದರೂ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೇ ಆರಿಸಬೇಕು.

ಇನ್ನೊಂದು ಕಡೆ, ಲೋಡಿಂಗ್‌ಗಾಗಿ ಸಾಲಿನಲ್ಲಿ ನಿಂತ ಟಿಪ್ಪರ್ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲೇ ಇರುತ್ತದೆ. ಕಿಲೋಮೀಟರ್ ಏರುವುದಿಲ್ಲ, ಆದರೆ ಮಸಿ ಏರುತ್ತದೆ, ಅರೆಬೆಂದ ಡೀಸೆಲ್ ರಿಂಗ್ ದಾಟಿ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ಹೆದ್ದಾರಿಯ ಲಾರಿಗೆ ಹೇಳಿದ ಕಿಲೋಮೀಟರ್ ಲೆಕ್ಕವನ್ನು ಗಣಿಯ ಟಿಪ್ಪರಿಗೆ ಹಚ್ಚಿ ಆಯಿಲ್ ಬದಲಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಂಥ ಗಾಡಿಗೆ ಎಂಜಿನ್ ಓಡಿದ ಗಂಟೆಗಳೇ ಲೆಕ್ಕ.

ಧೂಳಿನ ವಿಷಯಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಟಿಪ್ಪರ್ ಪದೇ ಪದೇ ಆಯಿಲ್ ಕುಡಿಯುತ್ತಿದ್ದಾಗ, ಒಳ್ಳೆಯ ಸಿಂಥೆಟಿಕ್ ಹಾಕಿದರೆ ಸರಿಹೋದೀತು ಎಂದು ಮಾಲೀಕರಿಂದ ಖರ್ಚು ಮಾಡಿಸಿದೆ. ಎರಡು ತಿಂಗಳಾದರೂ ತೊಂದರೆ ನಿಲ್ಲಲಿಲ್ಲ. ಆಗ ಆಯಿಲ್‌ನ ಸ್ಯಾಂಪಲ್ಲನ್ನು ಲ್ಯಾಬಿಗೆ ಕಳಿಸಿದೆವು. ವರದಿಯಲ್ಲಿ ಸಿಲಿಕಾನ್ ಏರಿತ್ತು, ಜೊತೆಗೆ ಕಬ್ಬಿಣವೂ ಏರಿತ್ತು. ಸಿಲಿಕಾನ್ ಎಂದರೆ ಮಣ್ಣು. ಅದು ಒಳಹೋಗಿ ಲೈನರನ್ನೂ ರಿಂಗನ್ನೂ ಅರದಂತೆ ಉಜ್ಜಿದ್ದರಿಂದಲೇ ಕಬ್ಬಿಣದ ಪುಡಿ ಆಯಿಲ್‌ಗೆ ಬಂದಿತ್ತು. ಹುಡುಕಿದಾಗ, ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಕ್ಲಾಂಪಿನ ಕೆಳಗೆ ಬೆರಳಿನ ಉಗುರಿನಷ್ಟು ಸೀಳಿತ್ತು. ಹೊಸ ಫಿಲ್ಟರ್ ಹಾಕಿದ್ದರೂ ಧೂಳು ಅದರ ಹಿಂದಿನಿಂದ ನುಗ್ಗುತ್ತಿತ್ತು. ಕೊನೆಗೆ ಆ ಎಂಜಿನ್ನಿಗೆ ಬೋರ್ ಕೆಲಸವನ್ನೇ ಮಾಡಿಸಬೇಕಾಯಿತು. ಧೂಳಿಗೆ ಸಿಂಥೆಟಿಕ್ ಎಂದೂ ಮಿನರಲ್ ಎಂದೂ ಭೇದವಿಲ್ಲ. ಮೊದಲು ಹೋಸ್ ನೋಡಬೇಕಿತ್ತು, ನಾನು ನೋಡಿರಲಿಲ್ಲ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದ ಗಾಡಿಗಳ ಮಾಲೀಕರು ಇನ್ನೊಂದು ವಿಷಯವನ್ನು ಗಮನಿಸಬೇಕು. ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿದಿದೆ, ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಬಂದಿದೆ. ಆಯಿಲ್ ಸುಟ್ಟಾಗ ಉಳಿಯುವ ಬೂದಿ ಆ ಜಾಲರಿಯಲ್ಲಿ ಕುಳಿತರೆ, ಮಸಿಯ ಹಾಗೆ ಅದು ಸುಟ್ಟುಹೋಗುವುದಿಲ್ಲ. ಆದ್ದರಿಂದಲೇ ಎಪಿಐನ ಸಿಜೆ-4 ಮತ್ತು 2016ರ ಕೊನೆಯಲ್ಲಿ ಬಂದ ಸಿಕೆ-4 ದರ್ಜೆಯ ಆಯಿಲ್‌ಗಳಲ್ಲಿ ಸಲ್ಫೇಟೆಡ್ ಬೂದಿ ಶೇ. 1ನ್ನು ಮೀರುವಂತಿಲ್ಲ. ಬಿಎಸ್-6 ಗಾಡಿಗೆ ಈ ಬೂದಿಯ ಮಿತಿಗೆ ಮೊದಲಿನ ಸಿಐ-4 ದರ್ಜೆಯ ಸಿಂಥೆಟಿಕ್ ಹಾಕುವುದಕ್ಕಿಂತ ಸಿಕೆ-4 ದರ್ಜೆಯ ಮಿನರಲ್ ಹಾಕುವುದು ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಡಬ್ಬಿಯಲ್ಲಿ ಮೊದಲು ಓದಬೇಕಾದದ್ದು ಆ ಎರಡಕ್ಷರ, ಒಂದು ಅಂಕಿ. ಅದು ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದಕ್ಕೆ ಹೊಂದಬೇಕು.

ಈಗ ಗೇರ್ ಬಾಕ್ಸಿಗೆ ಬರೋಣ. ಇಲ್ಲಿ ಡೀಸೆಲ್ ಉರಿಯುವುದಿಲ್ಲ, ಆದ್ದರಿಂದ ಮಸಿಯಿಲ್ಲ, ಡೀಸೆಲ್ ಬೆರಕೆಯಿಲ್ಲ. ಗಾಳಿಯಾಡುವ ಬ್ರೀದರ್ ಮತ್ತು ಸೀಲ್ ಸರಿಯಿದ್ದರೆ ಆಯಿಲ್ ಕೆಡುವುದು ಮುಖ್ಯವಾಗಿ ಬಿಸಿಯಿಂದ, ಹಲ್ಲುಗಳ ನಡುವಿನ ಅರೆತದಿಂದ. ಅಂದರೆ ಸಿಂಥೆಟಿಕ್ ತೈಲದ ದೀರ್ಘಾಯುಷ್ಯವನ್ನು ನಾವು ಪೂರ್ತಿಯಾಗಿ ಬಳಸಿಕೊಳ್ಳಬಲ್ಲ ಜಾಗ ಇದು; ಎಂಜಿನ್ನಿನಲ್ಲಾದರೋ ತೈಲ ಇನ್ನೂ ಕೆಡದಿದ್ದರೂ ಮಸಿ ತುಂಬಿತೆಂದು ಚೆಲ್ಲಬೇಕಾಗುತ್ತದೆ. ನನ್ನ ಉತ್ತರದ ಬೇರು ಇರುವುದು ಈ ವ್ಯತ್ಯಾಸದಲ್ಲಿ.

ಆದರೆ ಎಚ್ಚರವೂ ಬೇಕು. ಹೌಸಿಂಗಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಭಾರ ಹೊರುವುದರಿಂದ ಅಲ್ಲಿಗೆ ಗಂಧಕ, ರಂಜಕ ಹೆಚ್ಚಿರುವ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕೇ ಬೇಕು. ಅದನ್ನೇ, ಅವು ಕಡಿಮೆಯಿರುವ ಜಿಎಲ್-4 ದರ್ಜೆ ಕೇಳುವ ಗೇರ್ ಬಾಕ್ಸಿಗೂ ಸುರಿದರೆ, ಗೇರುಗಳ ವೇಗ ಹೊಂದಿಸುವ ಸಿಂಕ್ರೋ ರಿಂಗ್‌ಗಳಿಗೆ ಬೇಕಾದ ಹಿಡಿತ ಸಿಗದೆ ಗೇರ್ ಕರಕರ ಎನ್ನತೊಡಗುತ್ತದೆ. ರಿಂಗ್ ಹಿತ್ತಾಳೆಯ ಬಗೆಯ ಲೋಹದ್ದಾಗಿದ್ದರೆ ಕೆಲವು ಜಿಎಲ್-5 ಆಯಿಲ್‌ಗಳು ಅದನ್ನು ಕಾಲಕ್ರಮೇಣ ತಿನ್ನುತ್ತವೆ. "ಒಂದೇ ಬ್ಯಾರೆಲ್ ತಂದರೆ ಎರಡಕ್ಕೂ ಆಗುತ್ತದೆ" ಎಂಬ ಉಳಿತಾಯ ನಮ್ಮ ಊರಿನಲ್ಲಿ ಎಷ್ಟೋ ಗೇರ್ ಬಾಕ್ಸ್‌ಗಳನ್ನು ಬಿಚ್ಚಿಸಿದೆ. 90 ಆಯಿಲ್ ಎಂದರೆ 40 ಆಯಿಲ್‌ಗಿಂತ ಎರಡು ಪಟ್ಟು ಮಂದ ಎಂಬ ನಂಬಿಕೆಯೂ ಸರಿಯಲ್ಲ. ಗೇರ್ ಆಯಿಲ್‌ನ ಅಳತೆಗೋಲೇ ಬೇರೆ. 100 ಡಿಗ್ರಿಯಲ್ಲಿ ಅಳೆದರೆ 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ಮಂದವಾಗಿರುತ್ತದೆ.

ಕ್ಲಚ್ ಪೆಡಲ್ ಇಲ್ಲದ ಹೊಸ ಗಾಡಿಗಳ ಬಗ್ಗೆ ಒಂದು ಮಾತು. ಎಎಂಟಿ ಎಂದರೆ ಒಳಗಿರುವುದು ಮಾಮೂಲಿ ಗೇರ್ ಬಾಕ್ಸೇ, ಗೇರ್ ಹಾಕುವ ಕೈ ಮಾತ್ರ ಯಂತ್ರದ್ದು. ಅದಕ್ಕೆ ಕಂಪನಿ ಹೇಳಿದ ಗೇರ್ ಆಯಿಲೇ ಬೇಕು. ಗಣಿಯ ದೊಡ್ಡ ಡಂಪರ್‌ಗಳಲ್ಲಿರುವ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್‌ನಲ್ಲಿ ಮಾತ್ರ ತೈಲವೇ ಶಕ್ತಿಯನ್ನು ದಾಟಿಸುತ್ತದೆ, ಕ್ಲಚ್ ಪ್ಲೇಟುಗಳನ್ನು ಒತ್ತುತ್ತದೆ, ತಂಪನ್ನೂ ಕೊಡುತ್ತದೆ. ಅಲ್ಲಿಗೆ ಬೇಕಾದದ್ದು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ಇಂಥ ಆಟೋಮ್ಯಾಟಿಕ್‌ಗಳನ್ನು ತಯಾರಿಸುವ ಆಲಿಸನ್ ಕಂಪನಿ ತನ್ನ ಟಿಇಎಸ್-295 ಮಾನದಂಡದ ಸಿಂಥೆಟಿಕ್ ಫ್ಲೂಯಿಡ್‌ಗೆ ಹೆಚ್ಚಿನ ಅವಧಿಯನ್ನು ಅನುಮತಿಸಿದ್ದರ ಹಿಂದೆ ಇದೇ ಬಿಸಿಯ ಲೆಕ್ಕವಿದೆ.

ಹಳೆಯ ಎಂಜಿನ್ನಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಭಯ 1970ರ ದಶಕದ ತೈಲಗಳ ಕಾಲದ್ದು. ಇಂದಿನವು ಸೀಲ್‌ಗೆ ಹೊಂದುವಂತೆಯೇ ತಯಾರಾಗುತ್ತವೆ. ಆಯಿಲ್ ಬೇಗ ಕಪ್ಪಾದರೆ ಅದು ಮಸಿಯನ್ನು ತಳಕ್ಕೆ ಬಿಡದೆ ಹೊತ್ತುಕೊಂಡಿದೆ ಎಂದರ್ಥ, ಕೆಟ್ಟಿದೆ ಎಂದಲ್ಲ.

ಖರ್ಚಿನ ಲೆಕ್ಕ ಸರಳವಾಗಿದೆ. ಸಿಂಥೆಟಿಕ್‌ಗೆ ಎರಡು ಪಟ್ಟು ಬೆಲೆಯಿದ್ದರೆ ಅದು ಎರಡು ಪಟ್ಟು ಕಾಲ ಬರಬೇಕು. ಉಳಿದ ಫಿಲ್ಟರ್ ಮತ್ತು ಗಾಡಿ ನಿಲ್ಲದ ದಿನದ ಬಾಡಿಗೆ ನಿಮ್ಮ ಲಾಭ. ಎರಡು ಪಟ್ಟು ಬಂದೀತೇ ಎಂಬುದನ್ನು ಕಣ್ಣಿನಿಂದ, ಬೆರಳಿನಿಂದ ಹೇಳಲಾಗದು. ಲ್ಯಾಬ್ ವರದಿಯೇ ಹೇಳಬೇಕು. ಗ್ಯಾರಂಟಿ ಅವಧಿಯಲ್ಲಿರುವ ಗಾಡಿಗೆ ಮಾತ್ರ ಪುಸ್ತಕದಲ್ಲಿರುವ ಅವಧಿಯನ್ನು ಮೀರಬೇಡಿ. ಸ್ಯಾಂಪಲ್ಲನ್ನು ಚೇಂಬರಿನ ತಳದಿಂದ ತೆಗೆಯದೆ ಗೇಜ್ ಕೊಳವೆಯ ಮೂಲಕ ನಡುಮಟ್ಟದಿಂದ, ಶುಚಿಯಾದ ಬಾಟಲಿಗೆ ತೆಗೆದು, ಅದರ ಮೇಲೆ ಗಂಟೆ ಮೀಟರಿನ ಅಂಕಿಯನ್ನೂ ಆಯಿಲ್ ಹಾಕಿದ ದಿನವನ್ನೂ ಬರೆಯಬೇಕು. ಹೊರಗೆ ನಿಲ್ಲಿಸಿರುವ ಟಿಪ್ಪರಿನಲ್ಲಿ ಅದನ್ನು ಮಾಡಿ ತೋರಿಸುತ್ತೇನೆ; ಎಂಜಿನ್ ಬಿಸಿಯಿರುವಾಗಲೇ ತೆಗೆಯಬೇಕಾದ್ದರಿಂದ ಎಲ್ಲರೂ ಈಗಲೇ ಅಲ್ಲಿಗೆ ಬನ್ನಿ.