ಬಾಣದ ಪಕ್ಕದ ಬಾಣ

ನಮಸ್ಕಾರ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುವ ಹಾಸನಾಂಬೆಯ ಬಾಗಿಲು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುವವರೆಗೆ, ಹಾಸನದ ರಸ್ತೆಗಳ ತುಂಬ ಪರಊರಿನ ವಾಹನಗಳೇ. ಆ ದಿನಗಳಲ್ಲಿ ‘ವಾಹನ ನಿಲುಗಡೆ’ ಎಂದು ಬಲಕ್ಕೆ ಬಾಣ ತೋರುವ ಪುಟ್ಟ ಫಲಕದ ಎರಡೂ ಬದಿಗೆ ಫ್ಲೆಕ್ಸ್‌ಗಳು ಏಳುತ್ತವೆ: ಒಂದರಲ್ಲಿ ಬಟ್ಟೆ ಅಂಗಡಿಯ ಬಾಣ ಎಡಕ್ಕೆ, ಇನ್ನೊಂದರಲ್ಲಿ ಭಕ್ತರನ್ನು ಸ್ವಾಗತಿಸುವ ನಾಯಕರು ಚಾಚಿದ ಕೈ, ಅದೂ ಎಡಕ್ಕೇ. ಚಾಲಕ ಅರೆಕ್ಷಣ ತಡವರಿಸಿದರೆ ಹಿಂದಿನಿಂದ ಹಾರ್ನ್, ಜೊತೆಗೆ ‘ಗಮನ ಎಲ್ಲಿದೆ ರೀ?’ ಎಂಬ ಗದರಿಕೆ.

ಈ ಗದರಿಕೆ ಅನ್ಯಾಯದ್ದು ಎಂಬುದು ನನ್ನ ವಾದ. ಮನೋವಿಜ್ಞಾನಿಗಳಾದ ಬಾರ್ಬರಾ ಎರಿಕ್ಸನ್ ಮತ್ತು ಚಾರ್ಲ್ಸ್ ಎರಿಕ್ಸನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೋಡಬೇಕಾದ ಅಕ್ಷರ ಎಲ್ಲಿ ಮೂಡುತ್ತದೆಂಬುದು ಭಾಗವಹಿಸಿದವರಿಗೆ ಮೊದಲೇ ಗೊತ್ತಿತ್ತು. ಕೆಲವು ಅಕ್ಷರಗಳಿಗೆ ಹಿಡಿಕೆಯನ್ನು ಒಂದು ಕಡೆಗೆ, ಉಳಿದವುಗಳಿಗೆ ಇನ್ನೊಂದು ಕಡೆಗೆ ತಳ್ಳಿದರೆ ಸಾಕಿತ್ತು. ಆದರೂ ಅಕ್ಕಪಕ್ಕದಲ್ಲಿ ವಿರುದ್ಧ ಉತ್ತರದ ಅಕ್ಷರಗಳಿದ್ದಾಗ ಅವರ ಪ್ರತಿಕ್ರಿಯೆ ನಿಧಾನವಾಯಿತು. ಇನ್ನೂ ಕುತೂಹಲದ ಸಂಗತಿ 1985ರಲ್ಲಿ ಮೈಕೆಲ್ ಕೋಲ್ಸ್ ಮತ್ತು ಸಂಗಡಿಗರು ಇಂಥದ್ದೇ ಪ್ರಯೋಗದಲ್ಲಿ ಒಂದೊಂದು ಉತ್ತರಕ್ಕೆ ಒಂದೊಂದು ಕೈ ಎಂದು ಗೊತ್ತುಮಾಡಿ, ಕೈಯ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ ಕಂಡುಬಂತು: ಅಂತಿಮ ಉತ್ತರ ಸರಿಯಾಗಿದ್ದ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಕೈಯ ಸ್ನಾಯುವೂ ಅಷ್ಟರಲ್ಲೇ ತುಸು ಚುರುಕಾಗಿತ್ತು. ಅಂದರೆ ಬೇಡದ ಮಾಹಿತಿ ಕಣ್ಣಿನ ಬಳಿಯೇ ನಿಲ್ಲುವುದಿಲ್ಲ, ನಾವು ತೀರ್ಮಾನಿಸಿ ಮುಗಿಸುವ ಮೊದಲೇ ಕೈವರೆಗೆ ಇಳಿದಿರುತ್ತದೆ.

ತಡವಾಗುವುದು ಸೆಕೆಂಡಿನ ಒಂದು ಚೂರು ಮಾತ್ರ, ನಿಜ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸಾಗುವುದು ಸುಮಾರು 1.1 ಮೀಟರ್. ಆದರೆ ಜನಜಂಗುಳಿಯ ತಿರುವಿನಲ್ಲಿ ನನ್ನನ್ನು ಕಾಡುವುದು ಆ ಒಂದು ಮೀಟರಲ್ಲ, ಎಡಕ್ಕೆ ಹೊರಳಲು ಆಗಲೇ ಅಣಿಯಾದ ಕೈ.

‘ಸುಲಭದ ಕೆಲಸ, ಗಮನವಿಟ್ಟರೆ ಆಯಿತು’ ಎನ್ನುವವರಿಗೆ ಮನೋವಿಜ್ಞಾನಿ ನಿಲ್ಲಿ ಲಾವಿ ಅವರು 1995ರಲ್ಲಿ ಮಂಡಿಸಿದ ವಿಚಾರ ವಿಚಿತ್ರವಾಗಿ ಕೇಳಿಸಬಹುದು: ನೋಡುವ ಕೆಲಸ ಹಗುರವಾಗಿದ್ದಾಗಲೇ ಉಳಿದ ಗ್ರಹಣಶಕ್ತಿ ಅಕ್ಕಪಕ್ಕದ ಬೇಡದ ವಸ್ತುಗಳತ್ತ ಹರಿಯುತ್ತದೆ. ಒಂದೇ ಒಂದು ಬಾಣವನ್ನು ಓದುವುದಕ್ಕಿಂತ ಹಗುರವಾದ ಕೆಲಸ ಯಾವುದಿದೆ?

ಫ್ಲೆಕ್ಸ್‌ಗಳೇ ಬೇಡವೆಂದು ನಾನು ಹೇಳುತ್ತಿಲ್ಲ, ಹೇಳಿದರೂ ಕೇಳುವವರಿಲ್ಲ. ಎರಿಕ್ಸನ್ನರ ಪ್ರಯೋಗದಲ್ಲಿ ಅಕ್ಷರಗಳ ನಡುವಿನ ಅಂತರ ಹೆಚ್ಚಿದಂತೆ ಅಡಚಣೆ ತಗ್ಗಿತ್ತು. ಹಾಗಾಗಿ ಅನುಮತಿ ನೀಡುವವರು ದಿಕ್ಸೂಚಿ ಫಲಕದ ಎರಡೂ ಬದಿಗೆ ಒಂದಷ್ಟು ಜಾಗವನ್ನು ಖಾಲಿ ಬಿಡಿಸಲಿ, ನಾಯಕರು ಮುಂದಿನ ಕಂಬದಿಂದ ಸ್ವಾಗತಿಸಲಿ.