ಸೋಯಾ ಬೇರಿನ ಹುಳುವಿಗೆ ತಳಿಯಲ್ಲೇ ಉತ್ತರ

ಕೇಳುಗರಿಗೆ ನಮಸ್ಕಾರ.

ಸೋಯಾಬೀನ್ ಗಿಡವೊಂದನ್ನು ಬೇರು ಹರಿಯದಂತೆ ಮೆಲ್ಲಗೆ ಅಗೆದು ನೋಡಿ. ಬೇರಿನ ಮೇಲೆ ದಪ್ಪ ದಪ್ಪ ಗಂಟುಗಳಿರುತ್ತವೆ. ಅದಕ್ಕೆ ಗಾಬರಿ ಬೇಡ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಒಳ್ಳೆಯ ಗಂಟುಗಳು. ಅವುಗಳ ನಡುವೆ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ನಿಂಬೆಹಣ್ಣಿನ ಆಕಾರದ ಬಿಳಿ ಇಲ್ಲವೇ ಹಳದಿ ಚುಕ್ಕೆ ಕಂಡರೆ ಮಾತ್ರ ಎಚ್ಚರ. ಅದು ಬೇರಿನೊಳಗೆ ಸೇರಿ ಅದನ್ನೇ ಉಂಡು ಬದುಕುವ ಕೋಶ ಜಂತುಹುಳುವಿನ (ಸಿಸ್ಟ್ ನೆಮಟೋಡ್) ಹೆಣ್ಣು.

ಈ ಹೆಣ್ಣು ಸತ್ತರೂ ಕಾಟ ತಪ್ಪುವುದಿಲ್ಲ. ಅದರ ಮೈಯೇ ಒಣಗಿ ಕಂದು ಬಣ್ಣದ ಗಟ್ಟಿ ಚೀಲವಾಗುತ್ತದೆ. ಒಳಗೆ ನೂರಾರು ಮೊಟ್ಟೆ. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಎಷ್ಟೋ ಸಲ ಗಿಡ ಮೇಲೆ ಹಸಿರಾಗಿಯೇ ಇರುತ್ತದೆ, ಇಳುವರಿ ಮಾತ್ರ ಕುಸಿದಿರುತ್ತದೆ. ಪಾಪ, ಮಳೆಯನ್ನೋ ಗೊಬ್ಬರವನ್ನೋ ಸುಮ್ನೆ ಬೈಯುತ್ತೇವೆ.

ಅಮೆರಿಕದಲ್ಲಿ ಈ ಹುಳು ಮೊದಲು ಸಿಕ್ಕಿದ್ದು 1954ರಲ್ಲಿ, ನಾರ್ತ್ ಕೆರೊಲಿನಾದಲ್ಲಿ. ಅಲ್ಲಿನ ವಿಜ್ಞಾನಿಗಳು ಸಾವಿರಾರು ತಳಿಗಳನ್ನು ಹುಳುವಿದ್ದ ಮಣ್ಣಿನಲ್ಲಿ ಬೆಳೆಸಿ ನೋಡಿದರು. ಚೀನಾದಿಂದ ತಂದಿದ್ದ 'ಪೀಕಿಂಗ್' ತಳಿ ತಡೆದುಕೊಂಡಿತು. ಆದರೆ ಅದರ ಕಾಳು ಕಪ್ಪು! ಮಾರುಕಟ್ಟೆ ಕೇಳುವುದು ಹಳದಿ ಕಾಳನ್ನು. ಹುಳುವನ್ನು ತಡೆಯುವ ಜೀನ್‌ಗಳಲ್ಲಿ ಒಂದು, ಕಾಳಿನ ಬಣ್ಣದ ಜೀನ್‌ಗೆ ಅಂಟಿಕೊಂಡಂತೆ ಕೂತಿತ್ತು. ಅವೆರಡನ್ನೂ ಬೇರೆ ಮಾಡಲು ಮತ್ತೆ ಮತ್ತೆ ಸಂಕರ ಮಾಡಬೇಕಾಯಿತು. 1960ರ ದಶಕದಲ್ಲಿ 'ಪಿಕೆಟ್' ಎಂಬ ತಳಿ ರೈತರ ಕೈಗೆ ಬಂತು.

ಆಮೇಲೆ ಚೀನಾ ಮೂಲದ್ದೇ ಆದ, 'ಪಿಐ 88788' ಎಂಬ ನಂಬರಿನಿಂದ ಕರೆಯುವ ತಳಿ ಹೆಚ್ಚು ಬಳಕೆಗೆ ಬಂತು. ಇದು ಹುಳುವನ್ನು ಹೇಗೆ ತಡೆಯುತ್ತದೆ ಎಂಬ ಗುಟ್ಟು 2012ರಲ್ಲಿ ಬಯಲಾಯಿತು. ನನಗಂತೂ ಇದು ತುಂಬಾ ಸೋಜಿಗದ ಸಂಗತಿ. ಹೊಸ ಜೀನ್ ಏನೂ ಇಲ್ಲ. ಸಾಮಾನ್ಯ ಸೋಯಾದಲ್ಲಿ ಒಂದೇ ಸಲ ಇರುವ ಡಿಎನ್‌ಎ ತುಣುಕು ಪೀಕಿಂಗ್‌ನಲ್ಲಿ ಮೂರು ಸಲ ಇದೆ, 88788ರಲ್ಲಿ ಒಂಬತ್ತು-ಹತ್ತು ಸಲ! ಹುಳು ಬೇರಿನೊಳಗೆ ನುಗ್ಗಿ, ಉಣ್ಣಲು ಒಂದು ಜಾಗ ಮಾಡಿಕೊಳ್ಳುತ್ತದೆ. ಈ ತಳಿಗಳಲ್ಲಿ ಆ ಜಾಗವೇ ಸತ್ತುಹೋಗುತ್ತದೆ. ಹುಳು ಉಪವಾಸ ಬೀಳುತ್ತದೆ.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಅಲ್ವಾ? ಹಾಗೇ ಆಯಿತು. ಅಮೆರಿಕದ ಸೋಯಾ ಸೀಮೆಯಲ್ಲಿ ಹುಳು ತಡೆಯುವ ತಳಿಗಳಲ್ಲಿ ಬಹುಪಾಲಿಗೆ ಈ 88788 ಒಂದೇ ಮೂಲವಾಯಿತು. ಅದೇ ಬೇರು ವರ್ಷ ವರ್ಷ ಸಿಕ್ಕಾಗ, ಅದರಲ್ಲೂ ಬದುಕಬಲ್ಲ ಹುಳುಗಳು ಉಳಿದು ಜಾಸ್ತಿಯಾದವು. ತಳಿಯ ಚೀಟಿಯಲ್ಲಿ 'ನಿರೋಧಕ' ಎಂದಿದ್ದರೂ ಬೇರಿನಲ್ಲಿ ಹುಳು ಕಾಣತೊಡಗಿತು. ಬೇರು ಕೊಳೆಸುವ ಫೈಟಾಫ್ತೊರಾ ರೋಗದ್ದೂ ಇದೇ ಕಥೆ. ಒಂದು ಜೀನ್ ತಡೆದರೆ, ಅದನ್ನು ಮೀರುವ ಬಗೆ ಹುಟ್ಟುತ್ತದೆ.

ಹಾಗಾಗಿ ಪೀಕಿಂಗ್ ಮೂಲದ ತಳಿಯನ್ನೂ 88788 ಮೂಲದ್ದನ್ನೂ ಬದಲಿಸಿ ಬದಲಿಸಿ ಬಿತ್ತಿ, ನಡುವೆ ಜೋಳದಂಥ ಬೆಳೆ ಹಾಕಿ ಎನ್ನುತ್ತಾರೆ ತಜ್ಞರು. ಹೊಸ ತಳಿ ಮಾಡುವಾಗ, ಬೇಕಾದ ಜೀನ್ ಬಂದಿದೆಯೇ ಎಂದು ಈಗ ಎಳೆಯ ಎಲೆಯ ಚೂರಿನಲ್ಲೇ ನೋಡಬಹುದು. ಆದರೂ ಕುಂಡದ ಪರೀಕ್ಷೆ ನಿಂತಿಲ್ಲ. ಹುಳುವಿನ ಮಣ್ಣಿನಲ್ಲಿ ಸಸಿ ನೆಟ್ಟು, ಸುಮಾರು ನಾಲ್ಕು ವಾರ ಕಾಯುತ್ತಾರೆ. ಬೇರನ್ನು ತೊಳೆದು ಹೆಣ್ಣುಗಳನ್ನು ಎಣಿಸುತ್ತಾರೆ. ಹುಳುವಿಗೆ ಬಗ್ಗುವ ತಳಿಯ ಬೇರಿನಲ್ಲಿ ಸಿಕ್ಕ ಹುಳುಗಳ ಲೆಕ್ಕದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ಮಾತ್ರ ಆ ಸಸಿ ಪಾಸು.