ಹುಳಿ ಹಾಳೆಗೆ ನೀರು ಬೇಕು

ಕೇಳುಗರಿಗೆ ನಮಸ್ಕಾರ. ಕೆಮಿಸ್ಟ್ರಿ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ರೇಡಿಯೋ ಹತ್ತಿರ ಕರೆಯಿರಿ.

ಇವತ್ತಿನ ಮಾತು ಒಂದು ಪ್ಲಾಸ್ಟಿಕ್ ಹಾಳೆಯ ಬಗ್ಗೆ. ಮುಟ್ಟಿದರೆ ಸಾಧಾರಣ ಹಾಳೆ. ಒಳಗಿರುವುದು ಮಾತ್ರ ಬಲು ಜೋರು ಆಸಿಡ್. ಸಲ್ಫೋನಿಕ್ ಆಸಿಡ್ ಗುಂಪುಗಳನ್ನು ಪಾಲಿಮರ್ ಸರಪಳಿಗೇ ಕಟ್ಟಿಹಾಕಿರುತ್ತಾರೆ. ಅವು ಕದಲುವುದಿಲ್ಲ. ಓಡಾಡುವುದು ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್. ಅದೂ ಹಾಳೆಯಲ್ಲಿ ನೀರಿದ್ದರೆ. ಈ ಮಾತು ನೆನಪಿರಲಿ, ಮತ್ತೆ ಮತ್ತೆ ಹೇಳುತ್ತೇನೆ.

1965ರ ಆಗಸ್ಟ್. ಅಮೆರಿಕದ ಜೆಮಿನಿ 5 ನೌಕೆಯಲ್ಲಿ ಗೋರ್ಡನ್ ಕೂಪರ್, ಪೀಟ್ ಕಾನ್ರಾಡ್ ಸುಮಾರು 8 ದಿನ ಭೂಮಿ ಸುತ್ತಿದರು. ಅಷ್ಟು ದಿನಕ್ಕೆ ಬ್ಯಾಟರಿ ಹೊತ್ತೊಯ್ದರೆ ತೂಕ ಜಾಸ್ತಿ ಅಲ್ವಾ? ಅದಕ್ಕೇ ಮನುಷ್ಯರಿದ್ದ ನೌಕೆಯಲ್ಲಿ ಮೊದಲ ಸಲ ಫ್ಯೂಯೆಲ್ ಸೆಲ್, ಅಂದರೆ ಇಂಧನದಿಂದ ನೇರವಾಗಿ ಕರೆಂಟ್ ಮಾಡುವ ಸಾಧನ, ಇಟ್ಟರು. ಮಾಡಿಕೊಟ್ಟದ್ದು ಜನರಲ್ ಎಲೆಕ್ಟ್ರಿಕ್. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಕ್ಸಿಜನ್, ನಡುವೆ ನಮ್ಮ ಹಾಳೆ. ಹೈಡ್ರೋಜನ್ ಒಡೆದು ಪ್ರೋಟಾನ್ ಹಾಳೆಯೊಳಗೆ ಹೋಗುತ್ತದೆ, ಎಲೆಕ್ಟ್ರಾನ್ ತಂತಿ ಹಿಡಿದು ಹೋಗುತ್ತದೆ. ಆಚೆ ಬದಿಯಲ್ಲಿ ಎರಡೂ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತವೆ. ಎಂಥ ಸೊಗಸಾದ ಕೆಲಸ! ಆದರೆ ಆ ಹಾಳೆ ಪಾಲಿಸ್ಟೈರೀನಿನದು. ಸೆಲ್ ಒಳಗೆ ಹುಟ್ಟುವ ಪೆರಾಕ್ಸೈಡ್ ಅದರ ಕಾರ್ಬನ್-ಹೈಡ್ರೋಜನ್ ಬಂಧಗಳನ್ನು ಕಡಿಯುತ್ತಿತ್ತು. ಹಾಳೆ ಸವೆಯುತ್ತಿತ್ತು. ಅದರ ಚೂರು ಸೇರಿದ ನೀರು ಕುಡಿಯಲು ಬರಲಿಲ್ಲ.

ಆ ಹೈಡ್ರೋಜನ್ ಜಾಗದಲ್ಲಿ ಫ್ಲೋರಿನ್ ಕೂರಿಸಿದರೆ? ಡ್ಯುಪಾಂಟ್ ಕಂಪನಿಯ ವಾಲ್ಟರ್ ಗ್ರೋಟ್ ಅದೇ ದಶಕದಲ್ಲಿ ಅಂಥ ಹಾಳೆ ಮಾಡಿದರು. ಅದೇ ನ್ಯಾಫಿಯಾನ್. ಮಾಡುವ ಉಪಾಯ ಚೆನ್ನಾಗಿದೆ. ಆಸಿಡ್ ರೂಪದಲ್ಲಿ ಅದನ್ನು ಕರಗಿಸಿ ಎಳೆಯಲಾಗದು. ಆದ್ದರಿಂದ ಮೊದಲು ಸಲ್ಫೋನೈಲ್ ಫ್ಲೋರೈಡ್ ರೂಪದಲ್ಲಿ ಹಾಳೆ ಎಳೆಯುತ್ತಾರೆ. ಆಮೇಲೆ ಬಿಸಿ ಕ್ಷಾರದಲ್ಲಿ ಅದ್ದಿ, ಕೊನೆಗೆ ಆಸಿಡ್ ರೂಪಕ್ಕೆ ತರಲು ಆಸಿಡ್‌ನಲ್ಲಿ ನೆನೆಸುತ್ತಾರೆ.

ಹೊತ್ತು ಕಮ್ಮಿ ಇದೆ, ಅಳೆಯುವುದನ್ನು ಬೇಗ ಹೇಳಿಬಿಡುತ್ತೇನೆ. ಹಾಳೆಯ ಚೂರನ್ನು ಉಪ್ಪುನೀರಿನಲ್ಲಿ ನೆನೆಸಿ. ಸೋಡಿಯಂ ಒಳಗೆ, ಪ್ರೋಟಾನ್ ಹೊರಗೆ. ಆ ನೀರನ್ನು ಟೈಟ್ರೇಟ್ ಮಾಡಿ, ಅಂದರೆ ಹನಿ ಹನಿಯಾಗಿ ಕ್ಷಾರ ಹಾಕಿ ಆಸಿಡ್ ಎಷ್ಟಿದೆ ಎಂದು ಅಳೆಯಿರಿ. ನ್ಯಾಫಿಯಾನ್ 117 ಎಂಬ ಬಗೆಯ ಹಾಳೆಯಲ್ಲಿ ಗ್ರಾಂಗೆ ಸುಮಾರು 0.9 ಮಿಲಿಮೋಲ್ ಆಸಿಡ್ ಸಿಗುತ್ತದೆ. ಒಣಗಿದಾಗ ಒಮ್ಮೆ, ನೆನೆದಾಗ ಒಮ್ಮೆ ತೂಗಿದರೆ ಕುಡಿದ ನೀರೂ ಗೊತ್ತಾಗುತ್ತದೆ. ವಾಹಕತೆಗೆ, ಅಂದರೆ ಪ್ರೋಟಾನ್ ಎಷ್ಟು ಸಲೀಸಾಗಿ ಸಾಗುತ್ತದೆ ಎಂದು ತಿಳಿಯಲು, ಇಂಪೀಡೆನ್ಸ್ ಅಳತೆ: ಎಸಿ ಕರೆಂಟ್‌ಗೆ ಹಾಳೆ ಒಡ್ಡುವ ತಡೆಯನ್ನು ಅಳೆಯುವುದು. ಚೆನ್ನಾಗಿ ನೆನೆದಿದ್ದರೆ ವಾಹಕತೆ ಸೆಂಟಿಮೀಟರಿಗೆ 0.1 ಸೀಮೆನ್ಸ್ ಹತ್ತಿರ. ಒಣಗಿದರೆ ನೂರಾರು ಪಟ್ಟು ಕುಸಿಯುತ್ತದೆ.

ವಿದ್ಯಾರ್ಥಿಗಳೇ, ದಯವಿಟ್ಟು ವಾಹಕತೆಯ ಅಂಕಿ ಒಂದನ್ನೇ ಸುಮ್ನೆ ಬರೆದು ತರಬೇಡಿ. ಪಕ್ಕದಲ್ಲಿ ಉಷ್ಣತೆ ಬರೆಯಿರಿ, ತೇವಾಂಶ ಬರೆಯಿರಿ. ನೀರೆಷ್ಟಿತ್ತು ಎಂದು ತಿಳಿಯದೆ ಎರಡು ಹಾಳೆಗಳನ್ನು ಹೋಲಿಸಲು ಬರುವುದಿಲ್ಲ. ನಮಸ್ಕಾರ.